ಕೆಲಸ ಬ್ಯಾಂಕಾಕ್‌ನಲ್ಲಿ ಅಂದಮೇಲೆ ಎಂಟು ತಾಸು ಕಾರು ಯಾಕೆ?

"ಅಣ್ಣ, ಬ್ಯಾಂಕಾಕಿಂದ ಮೇ ಸೋಟ್ ಎಷ್ಟ್ ದೂರ ಐತೆ?"

ಬಿಳಿಚೋಡಿನ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ಕೂತಿದ್ದೆ. ಕೇಳಿದವನು ನಮ್ಮ ಓಣಿಯ ಹುಡುಗ. ದಾವಣಗೆರೆಯಲ್ಲಿ ಬಿಕಾಂ ಮುಗಿಸಿ, ಅಲ್ಲೇ ಒಂದು ಮೊಬೈಲ್ ಅಂಗಡಿಯಲ್ಲಿ ಹದಿಮೂರು ಸಾವಿರಕ್ಕೆ ಎರಡು ವರ್ಷ ದುಡಿದು, ಅದನ್ನೂ ಬಿಟ್ಟು ಊರಿಗೆ ಬಂದಿದ್ದಾನೆ. ಮೇ ಸೋಟ್ ಅನ್ನುವ ಹೆಸರು ಇವನ ಬಾಯಿಗೆ ಹೇಗೆ ಬಂತು ಅಂತ ನನಗೆ ಗಾಬರಿಯೇ ಆಯಿತು. ಫೋನ್ ತೋರಿಸಿದ. ಟೆಲಿಗ್ರಾಮ್‌ನಲ್ಲಿ ಬಂದ ಮೆಸೇಜು: ಡಿಜಿಟಲ್ ಸೇಲ್ಸ್ ಎಕ್ಸಿಕ್ಯೂಟಿವ್ ಕೆಲಸ, ತಿಂಗಳಿಗೆ ಸಾವಿರ ಡಾಲರ್, ಊಟ ವಸತಿ ಫ್ರೀ, ಟಿಕೆಟ್ ಅವರದೇ. ಅನುಭವ ಬೇಕಿಲ್ಲ, ಇಂಗ್ಲಿಷ್ ಟೈಪಿಂಗ್ ಬಂದರೆ ಸಾಕು. ರಿಪೋರ್ಟಿಂಗ್ ಬ್ಯಾಂಕಾಕ್.

ಇಂಥ ಏಜೆಂಟರು ಬ್ಯಾಂಕಾಕ್ ಬಿಟ್ಟು ಬೇರೆ ಊರಿನ ಹೆಸರನ್ನು ಸುಲಭಕ್ಕೆ ಬಾಯಿಬಿಡುವುದಿಲ್ಲ. ಆಫೀಸು ಯಾವ ಏರಿಯಾದಲ್ಲಿದೆ ಅಂತ ಇವನು ಮೂರು ಸಲ ಕೇಳಿದ್ದಕ್ಕೆ, "ಬ್ಯಾಂಕಾಕಿಂದ ಒಂದು ತಾಸು, ಮೇ ಸೋಟ್ ಅಂತ" ಎಂದು ಉತ್ತರ ಬಂದಿದೆ. ಹುಡುಗ ಜಾಣ, ಸುಮ್ಮನೆ ನಂಬಲಿಲ್ಲ. ತಾನೇ ಹುಡುಕಿ ನೋಡಿದ. ವಿಮಾನದ ಅವಧಿ ಒಂದು ಗಂಟೆಯ ಆಸುಪಾಸು ಅಂತ ಬಂತು. ಏಜೆಂಟ್ ಹೇಳಿದ್ದು ಸುಳ್ಳಲ್ಲ ಅಂತಾಯಿತು.

"ಒಂದು ತಾಸು ಅಂದ್ರೆ ನಮ್ಮೂರಿಂದ ದಾವಣಗೆರೆಗೆ ಹೋದಂಗಲ್ವಾ ಅಣ್ಣ?"

ಈ ಲೇಖನ ಬರೆಯುವುದಕ್ಕೆ ಆ ಮಾತೇ ಕಾರಣ. ಒಂದು ತಾಸು ಅನ್ನುವುದು ನಮಗೆ ದೂರದ ಅಳತೆ. ಬಿಳಿಚೋಡಿನಿಂದ ದಾವಣಗೆರೆ ಮೂವತ್ತು ಕಿಲೋಮೀಟರ್ ಚಿಲ್ಲರೆ, ಬಸ್ಸಿನಲ್ಲಿ ಹೆಚ್ಚುಕಮ್ಮಿ ಒಂದು ತಾಸು. ಜಗಳವಾಡಿಕೊಂಡರೂ ರಾತ್ರಿಗೆ ಮನೆಗೆ ಬರಬಹುದಾದ ದೂರ. ವಿಮಾನದ ಒಂದು ತಾಸು ಬೇರೆಯದೇ ಲೆಕ್ಕ. ಬ್ಯಾಂಕಾಕ್‌ನಿಂದ ಮೇ ಸೋಟ್ ನೇರ ಗೆರೆ ಎಳೆದರೆ ನಾನೂರು ಕಿಲೋಮೀಟರ್ ಹತ್ತಿರ ಬರುತ್ತದೆ. ರಸ್ತೆಯಲ್ಲಿ ಹೋದರೆ ಸುಮಾರು ಐನೂರು. ನಖೋನ್ ಸವನ್, ತಾಕ್ ದಾಟಿ, ಕೊನೆಯಲ್ಲಿ ಗುಡ್ಡ ಹತ್ತಿಳಿದು ಏಳೆಂಟು ಗಂಟೆ. ಇದು ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. ಬೆಂಗಳೂರಲ್ಲಿ ಕೆಲಸ ಕೊಡಿಸ್ತೀನಿ ಅಂತ ಕರೆದುಕೊಂಡು ಹೋದವನು ನಿಮ್ಮನ್ನು ಕಾರಲ್ಲಿ ಕೂರಿಸಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಎಲ್ಲಾ ದಾಟಿಸುತ್ತಿದ್ದರೆ ಸಿರಾ ಬರುವ ಹೊತ್ತಿಗೇ ನೀವು ಬಾಯಿ ಬಿಟ್ಟು ಕೇಳುತ್ತೀರಿ. ಥಾಯ್ಲೆಂಡಿನಲ್ಲಿ ಬೋರ್ಡು ಓದಲು ಬರುವುದಿಲ್ಲ, ಊರುಗಳ ಹೆಸರು ಗೊತ್ತಿಲ್ಲ, ಡ್ರೈವರ್‌ಗೆ ನಿಮ್ಮ ಭಾಷೆ ಬರುವುದಿಲ್ಲ. ಇಷ್ಟು ಸಾಕು, ಐನೂರು ಕಿಲೋಮೀಟರ್ ಸಲೀಸಾಗಿ ಕಳೆದುಹೋಗುತ್ತದೆ.

ಹಾಗೆ ನೋಡಿದರೆ ಬಿಳಿಚೋಡಿನವನಿಗೆ ದೇವನಹಳ್ಳಿಯ ವಿಮಾನ ನಿಲ್ದಾಣವೇ ಬ್ಯಾಂಕಾಕ್‌ಗಿಂತ ದೂರ. ಬಸ್ಸು ಬದಲಾಯಿಸಿ, ಹೆದ್ದಾರಿ ಹಿಡಿದು, ಬೆಂಗಳೂರಿನ ಟ್ರಾಫಿಕ್ಕು ದಾಟಿ ಅಲ್ಲಿಗೆ ಮುಟ್ಟಲು ಆರು ತಾಸಾದರೂ ಬೇಕು. ಅಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರ್ ಹಾರಿ ಬ್ಯಾಂಕಾಕ್‌ನಲ್ಲಿ ಇಳಿಯಲು ಮೂರೂವರೆ, ನಾಲ್ಕು ತಾಸು. ಇಳಿಯುವ ನಿಲ್ದಾಣದ ಹೆಸರು ಸುವರ್ಣಭೂಮಿ. ಆ ಹೆಸರಿನ ಅರ್ಥ ನಮ್ಮ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ವೀಸಾದ ರಗಳೆಯೂ ಇಲ್ಲ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ 30 ದಿನದ ವೀಸಾ ವಿನಾಯಿತಿ ಕೊಟ್ಟಿತು, 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಪ್ರವಾಸೋದ್ಯಮ ಬೆಳೆಸಲು ಮಾಡಿದ ನಿಯಮ ಅದು. ತಿರುಗಾಡಲು ಬಂದವರು ಅಲ್ಲಿ ಕೆಲಸ ಮಾಡುವಂತಿಲ್ಲ. "ವೀಸಾ ಬೇಕಿಲ್ಲ" ಅನ್ನುವ ಅರ್ಧ ಸತ್ಯವನ್ನು ಏಜೆಂಟರು "ಕೆಲಸದ ವೀಸಾವೂ ಬೇಕಿಲ್ಲ" ಅಂತ ಪೂರ್ತಿ ಮಾಡಿ ಹೇಳುತ್ತಾರೆ.

ಮೇ ಸೋಟ್ ಅಂದರೆ ಥಾಯ್ಲೆಂಡಿನ ಪಶ್ಚಿಮ ಗಡಿಯ ಊರು. ಅದರ ಆಚೆ ಮೋಯಿ ನದಿ. ಬೇಸಿಗೆಯಲ್ಲಿ ಕೆಲವು ಕಡೆ ನಡೆದೇ ದಾಟಬಹುದಾದಷ್ಟು ನೀರು. ಆಚೆ ದಡದಲ್ಲಿ ಮ್ಯಾನ್ಮಾರಿನ ಮ್ಯಾವಾಡಿ. ಎರಡೂ ದೇಶಗಳ ನಡುವೆ ಅಲ್ಲಿ ಎರಡು ಸೇತುವೆಗಳಿವೆ. ಆದರೆ ನಮ್ಮ ಹುಡುಗರನ್ನು ದಾಟಿಸುವುದು ಸೇತುವೆಯ ಮೇಲಿಂದ ಅಲ್ಲ. ರಾತ್ರಿ, ದೋಣಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ. ಪಾಸ್‌ಪೋರ್ಟಿಗೆ ಥಾಯ್ಲೆಂಡ್ ಬಿಟ್ಟ ಮುದ್ರೆಯೂ ಬೀಳುವುದಿಲ್ಲ, ಮ್ಯಾನ್ಮಾರ್ ಹೊಕ್ಕ ಮುದ್ರೆಯೂ ಬೀಳುವುದಿಲ್ಲ. ಮುಂದೆ ಬಿಡುಗಡೆಯಾಗಿ ಬಂದರೂ ಆ ದೇಶಕ್ಕೆ ಕದ್ದು ಹೊಕ್ಕವನು, ಈ ದೇಶದಲ್ಲಿ ಅವಧಿ ಮೀರಿ ಉಳಿದವನು ಅಂತ ಎರಡು ಕಡೆಯೂ ಇವನೇ ತಪ್ಪಿತಸ್ಥ.

ಇದೇ ಮೇ ಸೋಟ್ ನಮ್ಮ ಸರ್ಕಾರದ ಭಾಷಣಗಳಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಮೂಲಕ ಹಾಯುವ 1,360 ಕಿಲೋಮೀಟರ್ ಉದ್ದದ ತ್ರಿಪಕ್ಷೀಯ ಹೆದ್ದಾರಿಯ ಕೊನೆಯ ನಿಲ್ದಾಣ ಅದು. 'ಆಕ್ಟ್ ಈಸ್ಟ್' ನೀತಿಯ ಹೆಮ್ಮೆಯ ಯೋಜನೆ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಆ ರಸ್ತೆ ಎಲ್ಲಿದೆಯೋ ಅಲ್ಲೇ ಇದೆ. ರಸ್ತೆ ಬರುವ ಮೊದಲೇ ನಮ್ಮ ಹುಡುಗರು ಬ್ಯಾಂಕಾಕ್ ಸುತ್ತಿ ಅದರ ತುದಿ ತಲುಪಿಬಿಟ್ಟರು.

ನದಿಯಾಚೆ ಇರುವುದು ಸೈಬರ್ ವಂಚನೆಯ ಕಾಂಪೌಂಡುಗಳು. ಕೆಕೆ ಪಾರ್ಕ್ ಅನ್ನುವುದು ಅವುಗಳಲ್ಲಿ ಹೆಸರುವಾಸಿ. ಎತ್ತರದ ಗೋಡೆ, ಬಂದೂಕು ಹಿಡಿದ ಕಾವಲು, ಒಳಗೆ ಸಾಲು ಕಂಪ್ಯೂಟರ್. ಆ ಪ್ರದೇಶ ಹೆಸರಿಗೆ ಮ್ಯಾನ್ಮಾರಿನದು, ನಡೆಸುವವರು ಕರೆನ್ ಸಶಸ್ತ್ರ ಗುಂಪಿನವರು. ಅವರ ನಾಯಕ ಸಾ ಚಿಟ್ ತುವಿನ ಮೇಲೆ ಅಮೆರಿಕ 2025ರ ಮೇನಲ್ಲಿ ನಿರ್ಬಂಧ ಹೇರಿದೆ. ಸುಂದರ ಹುಡುಗಿಯ ಹೆಸರಲ್ಲಿ ಪ್ರೀತಿ ಬೆಳೆಸಿ ಕ್ರಿಪ್ಟೋಗೆ ದುಡ್ಡು ಹಾಕಿಸುವುದು, ಷೇರು ಮಾರುಕಟ್ಟೆಯ ಸುಳ್ಳು ಆ್ಯಪ್ ತೋರಿಸುವುದು, ಪೊಲೀಸ್ ವೇಷದಲ್ಲಿ 'ಡಿಜಿಟಲ್ ಅರೆಸ್ಟ್' ಮಾಡುವುದು, ಈ ದಂಧೆ ಹಲವು ನಮೂನೆಯದು. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಡಬೇಕು ಅಂದರೆ ಸಾವಿರಾರು ಡಾಲರ್ ಕಟ್ಟಬೇಕು, ಇಲ್ಲವೇ ನಿನ್ನ ಬದಲಿಗೆ ಊರಿಂದ ಬೇರೆಯವರನ್ನು ಕರೆಸು ಅನ್ನುತ್ತಾರೆ. ಈ ಕೊನೆಯ ಮಾತನ್ನು ಗಮನಿಸಿ. ನಿಮಗೆ ಮೆಸೇಜು ಕಳಿಸಿದ್ದು ನಿಮ್ಮ ಸೀನಿಯರ್ರೇ ಆಗಿರಬಹುದು, ಅವನು ಅದನ್ನು ಯಾವ ಸ್ಥಿತಿಯಲ್ಲಿ ಕೂತು ಟೈಪ್ ಮಾಡಿದ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಹೀಗೆ ಬಲವಂತವಾಗಿ ದುಡಿಸಿಕೊಳ್ಳುತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತ್ತು. ಕಾಂಬೋಡಿಯಾದ ಕತೆಯಲ್ಲೂ ದೂರದ್ದೇ ಆಟ. ಕೆಲಸ ರಾಜಧಾನಿ ನಾಮ್ ಪೆನ್‌ನಲ್ಲಿ ಅಂತ ಹೇಳಿ ಸಮುದ್ರ ತೀರದ ಸಿಹಾನೂಕ್‌ವಿಲ್‌ಗೆ ಒಯ್ಯುತ್ತಾರೆ. ಎರಡರ ನಡುವೆ ಚೀನೀ ಕಂಪನಿ ಕಟ್ಟಿದ 187 ಕಿಲೋಮೀಟರಿನ ಎಕ್ಸ್‌ಪ್ರೆಸ್ ವೇ 2022ರ ಕೊನೆಗೆ ತೆರೆಯಿತು. ಮೊದಲು ಐದು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಎರಡು ಗಂಟೆ. ಅಂದರೆ ಬೆಂಗಳೂರಿನಿಂದ ಹೆಚ್ಚುಕಮ್ಮಿ ಚಿತ್ರದುರ್ಗದಷ್ಟು. ಆನ್‌ಲೈನ್ ಜೂಜಿಗೆ ಕಾಂಬೋಡಿಯಾ 2019ರಲ್ಲಿ ಕಡಿವಾಣ ಹಾಕಿದಾಗ, ಹಿಂದೆಯೇ ಕೋವಿಡ್ ಬಂದಾಗ, ಖಾಲಿ ಬಿದ್ದ ಕ್ಯಾಸಿನೊಗಳೇ ಇವತ್ತು ಎಷ್ಟೋ ಕಡೆ ವಂಚನೆಯ ಕಚೇರಿಗಳಾಗಿವೆ. ಕಾಂಬೋಡಿಯಾದಿಂದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿದ್ದೇವೆ ಎಂದು ವಿದೇಶಾಂಗ ಸಚಿವಾಲಯ 2024ರ ಮಾರ್ಚ್ ಕೊನೆಯಲ್ಲಿ ಹೇಳಿತು. ಅವರಲ್ಲಿ ಹಲವರು ಹೇಳಿದ್ದು ಏನೆಂದರೆ, ಅಲ್ಲಿ ಕೂರಿಸಿ ಭಾರತೀಯರಿಗೇ ಮೋಸ ಮಾಡಿಸುತ್ತಿದ್ದರು ಅಂತ.

ಈ ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 2024ರ ಮೊದಲ ನಾಲ್ಕು ತಿಂಗಳಲ್ಲಿ ನಮ್ಮಲ್ಲಿ ದಾಖಲಾದ ಸೈಬರ್ ವಂಚನೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟನ್ನು ಮಾಡಿದ್ದು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಈ ಮೂರು ದೇಶಗಳಲ್ಲಿ ಕೂತವರು ಎಂದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಹೇಳಿದೆ. ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಪಿಂಚಣಿ ಹಣಕ್ಕೆ ಕೈ ಹಾಕುವ ದನಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ತಾನೆ? ಆ ದನಿ ಹುಡುಕಿಕೊಂಡೇ ಅವರು ಇಲ್ಲಿಗೆ ಬರುವುದು. ನಮ್ಮ ಪೊಲೀಸರ ಕಡತದಲ್ಲಿ ಒಂದು ಕಡೆ ಮೇಷ್ಟ್ರು ದೂರುದಾರ, ಇನ್ನೊಂದು ಕಡೆ ಹುಡುಗ ಆರೋಪಿ.

ಸರ್ಕಾರ ಸುಮ್ಮನೆ ಕೂತಿದೆ ಅಂತ ನಾನು ಹೇಳುವುದಿಲ್ಲ. 2022ರ ಸೆಪ್ಟೆಂಬರ್ 24ರಂದೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಹೊರಡಿಸಿತ್ತು. ಥಾಯ್ಲೆಂಡಿನಲ್ಲಿ 'ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್' ಕೆಲಸದ ಆಮಿಷ ಒಡ್ಡಿ ಮ್ಯಾನ್ಮಾರಿಗೆ ಸಾಗಿಸುತ್ತಿದ್ದಾರೆ ಅಂತ ಹುದ್ದೆಯ ಹೆಸರನ್ನೂ ಸೇರಿಸಿಯೇ ಬರೆದಿತ್ತು. ನಮ್ಮ ಹುಡುಗನಿಗೆ ಬಂದ ಮೆಸೇಜಿನಲ್ಲೂ ಅದೇ ಹುದ್ದೆ, ಹೆಸರು ಕೂಡ ಬದಲಾಯಿಸುವ ತೊಂದರೆ ಅವರು ತೆಗೆದುಕೊಂಡಿಲ್ಲ. ದೆಹಲಿಯಲ್ಲಿ ಇಂಗ್ಲಿಷಿನಲ್ಲಿ ಹೊರಟ ಆ ಎಚ್ಚರಿಕೆ ಜಗಳೂರು ತಾಲ್ಲೂಕಿನ ಒಂದು ಹೋಬಳಿಗೆ ಇನ್ನೂ ತಲುಪಿಲ್ಲ. ಟೆಲಿಗ್ರಾಮ್ ಮೆಸೇಜಿಗೆ ಆ ತೊಂದರೆ ಇಲ್ಲ ನೋಡಿ.

ಕಾನೂನಿನ ಕತೆ ಇನ್ನೂ ವಿಚಿತ್ರ. ನಮ್ಮಲ್ಲಿ ಈಗಲೂ ಇರುವುದು 1983ರ ವಲಸೆ ಕಾಯ್ದೆ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಗುರುತು ಇರುತ್ತದೆ. ಅವರು ಥಾಯ್ಲೆಂಡ್, ಮಲೇಷ್ಯಾ, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರ ಒಮ್ಮೆ ತಪಾಸಣೆ ಮಾಡುತ್ತದೆ. ಗಲ್ಫಿಗೆ ಹೋಗುವ ಗಾರೆ ಕೆಲಸದವರು, ಮನೆಗೆಲಸದವರು ಮೋಸ ಹೋಗದಿರಲಿ ಅನ್ನುವ ಕಾಲದ ವ್ಯವಸ್ಥೆ. ಎಸ್ಸೆಸ್ಸೆಲ್ಸಿ ಪಾಸಾದರೆ ಆ ತಪಾಸಣೆ ಇಲ್ಲ, ಓದಿದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಅಂತ. ಈ ದಂಧೆಗೆ ಬೇಕಿರುವುದೇ ಓದಿದವನು. ಟೈಪಿಂಗ್ ಬರಬೇಕು, ಎಕ್ಸೆಲ್ ಗೊತ್ತಿರಬೇಕು, ಇನ್‌ಸ್ಟಾದಲ್ಲಿ ಹೇಗೆ ಮಾತಾಡಬೇಕು ಅನ್ನುವುದು ತಿಳಿದಿರಬೇಕು. ನಲವತ್ತು ವರ್ಷದ ಹಿಂದಿನ ಕಾಯ್ದೆ ಕಾಪಾಡಬೇಕು ಅಂದುಕೊಂಡವನು ಬೇರೆ, ಇವತ್ತು ಸಿಕ್ಕಿಹಾಕಿಕೊಳ್ಳುತ್ತಿರುವವನು ಬೇರೆ.

ಅದೇ ಕಾಯ್ದೆಯಡಿ ವಿದೇಶದ ಕೆಲಸಕ್ಕೆ ಆಳು ಕಳಿಸುವ ಏಜೆಂಟ್ ನೋಂದಾಯಿಸಿಕೊಂಡಿರಲೇಬೇಕು. ಇ-ಮೈಗ್ರೇಟ್ ತಾಣದಲ್ಲಿ ಅವರ ಪಟ್ಟಿ ಸಿಗುತ್ತದೆ. ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಇದ್ಯಾವುದೂ ನಮ್ಮ ಹುಡುಗನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹುಡುಕುವವರೆಗೆ ನನಗೂ ಅರ್ಧ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಪೊಲೀಸ್ ವೆರಿಫಿಕೇಶನ್ ಆಗುತ್ತದಲ್ಲ, ಆಗ ಎಂಥ ಸಣ್ಣ ಊರಿನ ಹುಡುಗನನ್ನಾದರೂ ಸರ್ಕಾರ ಒಮ್ಮೆ ಹುಡುಕಿಕೊಂಡು ಬರುತ್ತದೆ. ಮನೆ ಅಡ್ರೆಸ್ ಸರಿ ಇದೆಯಾ, ಕೇಸು ಇದೆಯಾ ಅಂತ ಕೇಳಿ ಹೋಗುತ್ತಾರೆ. ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಅವತ್ತೇ ಕೈಗೆ ಕೊಟ್ಟು ಹೋಗಲು ಸರ್ಕಾರಕ್ಕೆ ಎಷ್ಟು ಖರ್ಚಾದೀತು?

ಈಗ ವಾಪಸ್ ಬರುವ ದೂರದ ಲೆಕ್ಕ ನೋಡಿ. 2025ರ ಜನವರಿಯಲ್ಲಿ ವಾಂಗ್ ಶಿಂಗ್ ಎಂಬ ಚೀನೀ ನಟ ಸಿನಿಮಾ ಶೂಟಿಂಗ್ ಅಂತ ನಂಬಿ ಬ್ಯಾಂಕಾಕ್‌ಗೆ ಬಂದ. ವಿಮಾನ ನಿಲ್ದಾಣದಿಂದ ಕಾರು ನೇರ ಮೇ ಸೋಟ್‌ಗೆ, ಅಲ್ಲಿಂದ ಮ್ಯಾವಾಡಿಗೆ. ಅವನ ಗೆಳತಿ ಸೋಶಿಯಲ್ ಮೀಡಿಯಾದಲ್ಲಿ ಹಾಕಿದ ಪೋಸ್ಟಿಗೆ ಚೀನಾದಲ್ಲಿ ಗದ್ದಲವೆದ್ದಿತು, ಪ್ರವಾಸಿಗರು ಟಿಕೆಟ್ ರದ್ದು ಮಾಡತೊಡಗಿದರು, ಥಾಯ್ಲೆಂಡಿಗೆ ಬಿಸಿ ಮುಟ್ಟಿತು. ಒಂದು ವಾರದೊಳಗೇ ಆ ನಟ ಹೊರಗಿದ್ದ. ಫೆಬ್ರವರಿ 5ರಂದು ಥಾಯ್ಲೆಂಡ್ ಮ್ಯಾವಾಡಿ ಸೇರಿ ಗಡಿಯಾಚೆಯ ಊರುಗಳಿಗೆ ಕರೆಂಟು, ಇಂಧನ, ಇಂಟರ್ನೆಟ್ ಕಡಿತ ಮಾಡಿತು. ಅಷ್ಟು ವರ್ಷ ಆ ಕಾಂಪೌಂಡುಗಳ ಬಲ್ಬು ಉರಿಯುತ್ತಿದ್ದುದು ಥಾಯ್ಲೆಂಡಿನ ಕರೆಂಟಿನಲ್ಲೇ ಅನ್ನುವುದು ಆಗ ಜನಸಾಮಾನ್ಯರಿಗೆ ಗೊತ್ತಾಯಿತು. ಒತ್ತಡ ಹೆಚ್ಚಿದ ಮೇಲೆ ಸಾವಿರಾರು ಜನರನ್ನು ಹೊರಗೆ ಬಿಟ್ಟರು. ಮಾರ್ಚ್ 10ರಂದು ಭಾರತದ ವಾಯುಪಡೆ ವಿಮಾನ ಮೇ ಸೋಟ್‌ಗೇ ಹೋಗಿ 283 ಮಂದಿಯನ್ನು, ಮರುದಿನ ಇನ್ನೊಂದು ವಿಮಾನ 266 ಮಂದಿಯನ್ನು ಕರೆತಂದಿತು. ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಕೆಕೆ ಪಾರ್ಕ್ ಮೇಲೆ ದಾಳಿ ಮಾಡಿದಾಗ ನದಿ ದಾಟಿ ಮೇ ಸೋಟ್‌ಗೆ ಓಡಿ ಬಂದವರಲ್ಲಿ ಮತ್ತೆ ನೂರಾರು ಭಾರತೀಯರಿದ್ದರು. ನವೆಂಬರ್‌ನಲ್ಲಿ ಮತ್ತೆ ವಿಮಾನ ಕಳಿಸಬೇಕಾಯಿತು.

ನಟನಿಗೆ ಕೆಲವೇ ದಿನ, ನಮ್ಮವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೆ. ಎರಡೂ ಒಂದೇ ನದಿ. ಬಂದವರನ್ನು ಇಳಿದ ಕೂಡಲೇ ತನಿಖಾ ಸಂಸ್ಥೆಗಳು ವಿಚಾರಣೆ ಮಾಡುತ್ತವೆ. ಮಾಡಲಿ, ಏಜೆಂಟರ ಜಾಲ ಗೊತ್ತಾಗುವುದೇ ಹಾಗೆ. ಕೆಲವರು ಗೊತ್ತಿದ್ದೂ ಹೋದವರು, ಕಮಿಷನ್ ಆಸೆಗೆ ಬೇರೆಯವರನ್ನು ಎಳೆದವರೂ ಇರುತ್ತಾರೆ. ಆದರೆ ಹೊಡೆಸಿಕೊಂಡು ಅಪರಾಧ ಮಾಡಿದವನನ್ನೂ ಹೊಡೆದು ಮಾಡಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಕಳ್ಳಸಾಗಣೆಯದು. ಅದನ್ನು ಊರಿನ ಏಜೆಂಟನ ಮೇಲೆ ಹಾಕದೆ, ಬರೀ ವಂಚನೆ ಕೇಸು ಹಾಕಿ ಕೈತೊಳೆದುಕೊಂಡರೆ ಆತ ಹೊಸ ಸಿಮ್ ಹಾಕಿಕೊಂಡು ಮತ್ತೆ ಶುರು ಮಾಡುತ್ತಾನೆ. ಊರಿನವರದೂ ಒಂದು ಪಾಲಿದೆ. ಹೋಗಿ ಬಂದವನು ಮರ್ಯಾದೆಗೆ ಅಂಜಿ "ಅಲ್ಲಿ ಹವಾ ಆಗಿಬರಲಿಲ್ಲ" ಅಂದುಬಿಡುತ್ತಾನೆ, ನಾವೂ ಮುಂದಕ್ಕೆ ಕೇಳುವುದಿಲ್ಲ.

ಇಷ್ಟೆಲ್ಲಾ ಹೇಳಿ ಮುಗಿಸಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮ್ಯಾಪಿನಲ್ಲಿ ಬೆರಳಿಟ್ಟು ನದಿ ತೋರಿಸಿದೆ. ಕೆಲಸ ಕೊಡುವವನು ಊರಿನ ಹೆಸರು ಹೇಳಿದರೆ ವಿಮಾನ ಎಷ್ಟು ತಾಸು ಅಂತ ಕೇಳಬೇಡ, ನಿಲ್ದಾಣದಿಂದ ಕಾರಲ್ಲಿ ಎಷ್ಟು ತಾಸು, ಎಷ್ಟು ಸಲ ಕಾರು ಬದಲಾಯಿಸ್ತಾರೆ, ಆ ಊರಿಂದ ಗಡಿ ಎಷ್ಟು ದೂರ ಅಂತ ಕೇಳು ಅಂದೆ. ಕಂಪನಿ ಬ್ಯಾಂಕಾಕ್‌ನದಾದರೆ ಸುವರ್ಣಭೂಮಿಯಿಂದ ಸಿಟಿ ಮೂವತ್ತು ಕಿಲೋಮೀಟರ್ ಒಳಗೇ, ನಮ್ಮೂರಿಂದ ದಾವಣಗೆರೆಯಷ್ಟೇ. ಕಾರು ಎರಡು ತಾಸಿಗಿಂತ ಹೆಚ್ಚು ಓಡಿತು ಅಂದರೆ ಮೊದಲು ಪೆಟ್ರೋಲ್ ಬಂಕ್ ಸಿಕ್ಕಲ್ಲಿ ಇಳಿದುಬಿಡು, ಕಿರುಚಾಡು, ಪೊಲೀಸರ ಹತ್ತಿರ ಹೋಗು, ಎಂಬೆಸಿಗೆ ಫೋನ್ ಮಾಡು. ನದಿ ದಾಟಿದ ಮೇಲೆ ಕಿರುಚಿದರೆ ಕೇಳುವವರಿಲ್ಲ.

"ಆಯ್ತಣ್ಣ, ಹೋಗಲ್ಲ ಬಿಡು," ಅಂದ. ಆಮೇಲೆ, "ಇಲ್ಲಿ ಏನ್ ಮಾಡ್ಲಿ ಹೇಳು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಪ್ಪ ಹಾಕುವುದು ಮೆಕ್ಕೆಜೋಳ, ಮಳೆ ನಂಬಿಕೊಂಡು. ಎರಡು ಬೋರು ಕೊರೆಸಿ ಎರಡೂ ಫೇಲಾಗಿ ಸಾಲ ಉಳಿದಿದೆ. ನಂಜುಂಡಪ್ಪ ಸಮಿತಿ 2002ರಲ್ಲೇ ಜಗಳೂರನ್ನು ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ನಮ್ಮ ಕಡೆಯ ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಒಂದು ಪಾಳಿ ಕೆಲಸ ಸಿಗುತ್ತಿತ್ತು. ಆಗ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುತ್ತಿದ್ದರು. ಗಿರಣಿ ಹೋದವು, ಕಾಲೇಜು ಬಂದವು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಡಿಗ್ರಿ ಕೊಡುವ ಜಾಗ ಮೂವತ್ತು ಕಿಲೋಮೀಟರಿನಲ್ಲಿದೆ. ಆ ಡಿಗ್ರಿಗೆ ತಕ್ಕ ಸಂಬಳ ಎಷ್ಟು ಕಿಲೋಮೀಟರಿನಲ್ಲಿದೆ ಅನ್ನುವುದನ್ನೇ ಅವನು ಫೋನಿನಲ್ಲಿ ಹುಡುಕುತ್ತಿದ್ದದ್ದು.

ಇದಾಗಿ ಮೂರು ವಾರ ಕಳೆದಿರಬಹುದು. ಮೊನ್ನೆ ರಾತ್ರಿ ಹತ್ತಕ್ಕೆ ಅವನದೇ ವಾಟ್ಸಾಪ್. ಒಂದು ಸ್ಕ್ರೀನ್‌ಶಾಟ್. ಈ ಸಲ ಲಾವೋಸ್; ರಿಪೋರ್ಟಿಂಗ್ ವಿಯೆಂಟಿಯಾನ್, ಆಫೀಸು ಬೊಕಿಯೊ ಪ್ರಾಂತ್ಯದಲ್ಲಿ. ಸಂಬಳ ಇನ್ನೂರು ಡಾಲರ್ ಜಾಸ್ತಿ. ಬೊಕಿಯೊ ಅಂದರೆ ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ ಇರುವ ಜಾಗ. ಆ ವಲಯದ ಪಕ್ಕದಲ್ಲೇ ಈಗ ವಿಮಾನ ನಿಲ್ದಾಣವೂ ಬಂದಿದೆ. ಅಂದರೆ ಅಲ್ಲಿಗೆ ಎಂಟು ತಾಸಿನ ಕಾರೂ ಬೇಕಿಲ್ಲ, ಮಧ್ಯದಲ್ಲಿ ಪೆಟ್ರೋಲ್ ಬಂಕೂ ಸಿಗುವುದಿಲ್ಲ. ನಾನು ಹೇಳಿಕೊಟ್ಟ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಸ್ಕ್ರೀನ್‌ಶಾಟ್ ಕೆಳಗೆ ಅವನು ಬರೆದಿದ್ದ: "ಅಣ್ಣ, ಇದು ಫ್ಲೈಟಲ್ಲಿ ಒಂದೇ ತಾಸಂತೆ. ಮಲಗಿಲ್ಲ ಅಂದ್ರೆ ಫೋನ್ ಮಾಡ್ಲಾ?"

ಮಾಡು ಅಂದೆ.